ಹಪ್ಪಳದ ಕಾವಲಿಗೆ ಕೂತ ಶೆಟ್ಟೆಪ್ಪ

ಶೆಟ್ಟೆಪ್ಪನ ನೌಕರಿ ಮುಗಿದ ದಿನ ರೈಲ್ವೆ ಕಾರ್ಖಾನೆಯವರು ಅವನಿಗೆ ಒಂದು ಹಾರ ಹಾಕಿದರು, ಒಂದು ಛತ್ರಿ ಕೊಟ್ಟರು. ಮೂವತ್ತು ವರ್ಷ ತಗಡಿನ ಸೂರಿನ ಕೆಳಗೆ ಗಾಡಿಯ ಗಾಲಿ ಬಡಿದವನಿಗೆ ಛತ್ರಿ ಯಾಕೆ ಎಂದು ಯಾರೂ ಕೇಳಲಿಲ್ಲ. ಹಾರ ಎರಡು ದಿನಕ್ಕೆ ಬಾಡಿತು. ಛತ್ರಿ ಗೋಡೆಯ ಮೊಳೆಗೆ ಹೋಯಿತು. ಶೆಟ್ಟೆಪ್ಪ ಮನೆಯಲ್ಲಿ ಕೂತ.

ತೊಂದರೆ ಅಲ್ಲಿಂದ ಶುರುವಾಯಿತು.

ಮನೆ ಎಂದರೆ ಕುರ್ಲಾದ ಚಾಳಿನಲ್ಲಿ ಮೂರನೇ ಮಾಳಿಗೆಯ ಒಂದು ಖೋಲಿ. ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಸ್ನಾನದ ಮೋರಿ, ನಡುವೆ ಸಂಸಾರ. ಇದ್ದೊಬ್ಬ ಮಗಳನ್ನು ಹುಬ್ಬಳ್ಳಿಗೆ ಕೊಟ್ಟಾಗಿತ್ತು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ಆದರೆ ಶೆಟ್ಟೆಪ್ಪನ ಹೆಂಡತಿ ಮಲ್ಲವ್ವನಿಗೆ ಅದಕ್ಕಿಂತ ಬಹಳ ಮೊದಲೇ ಒಂದು ಸ್ವಾತಂತ್ರ್ಯ ಸಿಕ್ಕಿತ್ತು. ಅದು ಮಧ್ಯಾಹ್ನದ್ದು. ನಳ ನಿಂತ ಮೇಲೆ, ಭಾಂಡೆ ಬೆಳಗಿದ ಮೇಲೆ, ಅವಳು ಬಾಗಿಲಿಗೆ ಅಗಳಿ ಹಾಕಿ, ತಣ್ಣಗಿನ ಫರಸಿಗಲ್ಲಿನ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ. ಯಾರಿಗೂ ಏನೂ ಬೇಕಿರಲಿಲ್ಲ. ಮುಂಬಯಿಗೆ ಬಂದು ಅವಳು ಗಳಿಸಿದ ಆಸ್ತಿ ಅದೊಂದೇ.

ಈಗ ಆ ಹೊತ್ತಿಗೆ ಶೆಟ್ಟೆಪ್ಪ ಇದ್ದ. ಹಗಲು ನಿದ್ದೆ ಮಾಡುವ ರೂಢಿ ಅವನಿಗೆ ಇರಲಿಲ್ಲ. ಗೋಡೆಗೆ ಒರಗಿ ಕೂತು ಮನೆಯನ್ನು ನೋಡುತ್ತಿದ್ದ, ಮೊದಲ ಸಲ ನೋಡುವವನ ಹಾಗೆ.

"ಈ ಡಬ್ಬಿ ಇಲ್ಲಿ ಯಾಕ ಇಟ್ಟೀ?"

"ಅದು ಇಲ್ಲೇ ಇರ್ತದ."

"ಅಲ್ಲಿಟ್ರ ಕೈಗೆ ಹತ್ತತಿತ್ತಲ್ಲ?"

"ಯಾರ ಕೈಗೆ?"

ಒಂದು ದಿನ ಸ್ಟೋವ್ ಬಿಚ್ಚಿಟ್ಟ. ಜೋಡಿಸಿದ ಮೇಲೆ ಎರಡು ತಿರುಪು ಉಳಿದವು. ಇನ್ನೊಂದು ದಿನ ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತು ಎಂದ, ಸಾರು ಇನ್ನೂ ಒಲೆಯ ಮೇಲಿದ್ದಾಗಲೇ. ಮಲ್ಲವ್ವನ ಅತ್ತೆ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಇಷ್ಟು ವರ್ಷದ ಮೇಲೆ ಈಗ ಮನೆಗೆ ಅತ್ತೆ ಬಂದ ಹಾಗಾಯಿತು.

"ಏನ್ರೀ, ಮಧ್ಯಾಹ್ನಕ್ಕ ಎಲ್ಲಿಗರೆ ಹೋಗಿ ಬರಬಾರದ?" ಎಂದಳು.

"ಎಲ್ಲಿಗಿ ಹೋಗ್ಲಿ? ಮೂವತ್ತ ವರ್ಷ ಹೋಗಿ ಬಂದೇನಲ್ಲ," ಎಂದ.

ಅವನನ್ನು ಹೊರಗೆ ಕಳಿಸುವ ದಾರಿ ಹಲಸಿನಕಾಯಿಯ ರೂಪದಲ್ಲಿ ಬಂತು. ಪಕ್ಕದ ಖೋಲಿಯ ವಾರಿಜಾ ಉಡುಪಿ ಕಡೆಯವಳು. ಗಂಡ ಹೋಟೆಲಿನಲ್ಲಿ ಅಡುಗೆಯವ. ಬೇಸಿಗೆಯಲ್ಲಿ ಅವಳ ತಮ್ಮ ಊರಿಂದ ಬೋಟಿನಲ್ಲಿ ಹಲಸಿನಕಾಯಿ ತರುತ್ತಿದ್ದ. ಚಾಳಿನ ಕನ್ನಡದ ಹೆಂಗಸರೆಲ್ಲ ಸೇರಿ ಅದನ್ನು ಬೇಯಿಸಿ, ರುಬ್ಬಿ, ಹಪ್ಪಳ ಒತ್ತಿ, ಮೇಲಿನ ಗಚ್ಚಿಯಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದರು. ಮಳೆಗಾಲ ನಾಲ್ಕು ತಿಂಗಳು ಎಲ್ಲರ ಮನೆಗೂ ಅದೇ ಹಪ್ಪಳ. ಗಚ್ಚಿಯ ಬಾಗಿಲಿನ ಬೀಗದ ಕೈ ಅಕ್ಕುವಿನ ಸೊಂಟದಲ್ಲಿ. ಅಕ್ಕು ಎಂದರೆ ವಾರಿಜಾಳ ಅತ್ತೆ, ಚಾಳಿಗೇ ಹಿರಿಯಳು.

ಆ ವರ್ಷ ಕಾಗೆಗಳು ಹೆಚ್ಚಾಗಿದ್ದವು.

"ಕಾಗೆ ಓಡಿಸ್ಲಿಕ್ಕೆ ಒಬ್ರು ಬೇಕಿತ್ತು ಮಲ್ಲಕ್ಕ," ಎಂದು ವಾರಿಜಾ ನಳದ ಹತ್ತಿರ ಅಂದಳು. "ಬಿಸಿಲಲ್ಲಿ ಯಾರು ಕೂತ್ಕೊಳ್ತಾರೆ ಹೇಳಿ?"

ಮಲ್ಲವ್ವ ಕೊಡ ಕೆಳಗಿಟ್ಟಳು. "ನಮ್ಮ ಯಜಮಾನರನ್ನ ಕೂಡಸ್ರಿ."

"ಅಯ್ಯೋ, ಅಷ್ಟು ದೊಡ್ಡವರನ್ನು?"

"ಏನ ದೊಡ್ಡವರು? ಇಲ್ಲಿ ಕೂಡೂದು ಅಲ್ಲಿ ಕೂಡ್ತಾರ."

ಶೆಟ್ಟೆಪ್ಪ ಮೊದಲ ದಿನ ಗೊಣಗುತ್ತಲೇ ಮೆಟ್ಟಿಲು ಹತ್ತಿದ. ಕಾರ್ಖಾನೆಯಲ್ಲಿ ಹತ್ತು ಮಂದಿಗೆ ಹೇಳಿ ಕೆಲಸ ಮಾಡಿಸುತ್ತಿದ್ದವನು ಈಗ ಕಾಗೆಗೆ ಹೇಳಬೇಕಾಗಿತ್ತು. ಮಲ್ಲವ್ವ ಅಗಳಿ ಹಾಕಿ ಮಲಗಿದಳು. ಅಂಥ ನಿದ್ದೆ ಅವಳಿಗೆ ಎರಡು ತಿಂಗಳಿಂದ ಬಂದಿರಲಿಲ್ಲ.

ಸಂಜೆ ಅವನು ಇಳಿದು ಬಂದಾಗ ಮುಖ ಬೇರೆಯಾಗಿತ್ತು. ಚಹಾ ಕೈಯಲ್ಲಿ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ.

"ಏನಾತ್ರಿ? ಬಿಸಿಲು ಬಡೀತೇನು?"

"ಮುಗಿಲ ಹೆಂಗ ಕಟ್ಟತದ ನೋಡೀಯೇನ ನೀ? ಏನೂ ಇರಂಗಿಲ್ಲ. ನೋಡ್ಕೋತ ನೋಡ್ಕೋತ ಘಾಟಕೋಪರ ಗುಡ್ಡದ ಹಿಂದಿಂದ ಎದ್ದ ಬರ್ತದ. ಗೋಬಿ ಗಡ್ಡಿ ಹಂಗ. ಮ್ಯಾಲ ಮ್ಯಾಲ ಒತ್ಕೋತ."

"ಹಪ್ಪಳ ಒಣಗ್ಯಾವೇನು?"

"ಯಾವ ಹಪ್ಪಳ?"

ಮೂವತ್ತು ವರ್ಷ ಮಧ್ಯಾಹ್ನ ಎಂದರೆ ಅವನಿಗೆ ಭೋಂಗಾದ ಕೂಗು ಮತ್ತು ಡಬ್ಬಿಯ ರೊಟ್ಟಿ. ಕಾರ್ಖಾನೆಗೆ ಕಿಟಕಿ ಇತ್ತು, ಮೊದಲು ಅದಕ್ಕೆ ಹೊಗೆಯ ಮಸಿ ಹಿಡಿದಿತ್ತು, ಆಮೇಲೆ ಕರಿ ಬಣ್ಣ ಬಳಿದರು. ಯುದ್ಧದ ಕಾಲದಲ್ಲಿ ಬಳಿದದ್ದು, ಯುದ್ಧ ಮುಗಿದ ಮೇಲೆ ಒರೆಸುವುದು ಯಾರ ಕೆಲಸ ಎಂದು ತೀರ್ಮಾನವಾಗಿರಲಿಲ್ಲ. ಹೀಗಾಗಿ ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಆಕಾಶದಲ್ಲಿ ಏನು ನಡೆಯುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಪೆನ್‌ಶನ್ ಬಂದ ಮೇಲೆ.

ಆಮೇಲೆ ಅವನನ್ನು ಕಳಿಸುವುದು ಬೇಕಾಗಲಿಲ್ಲ. ಊಟ ಗಂಟಲಲ್ಲಿ ಇರುವಾಗಲೇ ಏಳುತ್ತಿದ್ದ. ಮೋಡಗಳಿಗೆ ಹೆಸರಿಟ್ಟ. ಬೆಳ್ಳಗೆ ಎತ್ತರಕ್ಕೆ ನಿಂತು ಸಂಜೆಯವರೆಗೂ ಏನೂ ಮಾಡದೆ ಹೋಗುವುದು ಫೋರ್‌ಮನ್. ಗುಡುಗಿ, ಎಲ್ಲರನ್ನೂ ಹೆದರಿಸಿ, ಠಾಣೆ ಕಡೆ ಹೋಗಿಬಿಡುವುದು ಇನ್‌ಸ್ಪೆಕ್ಟರ್. ಸಣ್ಣ ಸಣ್ಣ ಚೂರಾಗಿ ಸಾಲು ಹಿಡಿದು ಸಮುದ್ರದ ಕಡೆಯಿಂದ ಬಂದು ಹೋಗುವವು ಟೆಂಪರರಿಗಳು. ಪವಾಯಿ ಕಡೆ ಅಡಿ ಕಪ್ಪಾಗಿ ಕೂರುವುದಕ್ಕೆ ಅವನು ಸಾಹೇಬ ಎನ್ನುತ್ತಿದ್ದ. ಸಾಹೇಬನ ಮೇಲೆ ಅವನಿಗೆ ಬಹಳ ಭರವಸೆ.

ಭರವಸೆ ಹೆಚ್ಚಾದದ್ದೇ ಫಜೀತಿಯಾಯಿತು. ಮಳೆ ಬರುವ ಹಾಗಿದ್ದರೆ ಕೂಗಿ ಎಂದು ಹೆಂಗಸರು ಅವನಿಗೆ ಹೇಳಿದ್ದರು. ಅವನಿಗೆ ದಿನಾ ಬರುವ ಹಾಗೇ ಕಾಣುತ್ತಿತ್ತು.

"ಏಳ್ರೆವ್ವಾ! ಬಂತ ಬಂತ!"

ಹೆಂಗಸರು ನಿದ್ದೆಗಣ್ಣಲ್ಲಿ ಸೀರೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅರೆ ಒಣಗಿದ ಹಪ್ಪಳ ಮಡಚಿ, ಅಂಟಿಸಿ, ಮುರಿದು ಒಳಗೆ ತರುತ್ತಿದ್ದರು. ಆಮೇಲೆ ಬಿಸಿಲು ಬೀಳುತ್ತಿತ್ತು. ಶೆಟ್ಟೆಪ್ಪ ಮೋಸಹೋದವನ ಹಾಗೆ ಆಕಾಶ ನೋಡುತ್ತ ನಿಲ್ಲುತ್ತಿದ್ದ.

"ಎಂತ ಮಾರಾಯ್ರೇ ಇದು?" ಎಂದಳು ವಾರಿಜಾ. "ಹಪ್ಪಳ ಒಣಗಿಸುದಾ, ನಾವು ಒಣಗುದಾ?"

"ಎಲ್ಲಾ ತಯಾರ ಆಗಿತ್ರೆವಾ. ಕಡೀಗೆ ಗಾಳಿ ಕೈ ಕೊಟ್ಟಿತು."

ಅಕ್ಕು ತೀರ್ಮಾನ ಹೇಳಿದಳು. "ಇನ್ನು ಹನಿ ಬಿದ್ದ ಮೇಲೆ ಕೂಗಿ. ಒಂದು ಹನಿ ಆದ್ರೂ ಬೀಳ್ಬೇಕು. ಅದಕ್ಕೆ ಮೊದಲು ಬಾಯಿ ಬಿಡ್ಬೇಡಿ. ಮಳೆ ಅಂದ್ರೆ ಮೊದಲು ಹನಿಯೇ ಬರುದು. ಅಷ್ಟು ಗೊತ್ತಿಲ್ವಾ ನಮ್ಗೆ?"

ಅಕ್ಕುವಿನ ಊರಿನ ಮಳೆ ಹಾಗೆಯೇ ಇರಬಹುದು. ಮಲ್ಲವ್ವನ ಊರು ನವಲಗುಂದದ ಹತ್ತಿರ. ಅಲ್ಲಿ ಬೇಸಿಗೆಯ ಮಳೆಗೆ ಮೊದಲು ಗಾಳಿ ಬರುತ್ತದೆ, ಗಾಳಿಯ ಜೊತೆ ಹೊಲದ ಮಣ್ಣು ಬರುತ್ತದೆ, ಯಾರದೋ ಮನೆಯ ತಗಡು ಬರುತ್ತದೆ. ಹನಿ ಕೊನೆಗೆ. ಮಲ್ಲವ್ವನಿಗೆ ಇದು ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಮಾತು ಬೆಳೆದರೆ ಕಾವಲೇ ಬೇಡ ಅನ್ನುತ್ತಾರೆ, ಅವನು ಮತ್ತೆ ಖೋಲಿಗೆ ಬಂದು ಕೂರುತ್ತಾನೆ. ಬಾಯಿ ಮುಚ್ಚಿದಳು.

ಮೇ ತಿಂಗಳ ನಡುವೆ ಒಂದು ದಿನ ಗಾಳಿ ಪೂರಾ ನಿಂತುಹೋಯಿತು. ಚಾಳಿನ ಹಗ್ಗದ ಮೇಲಿನ ಬಟ್ಟೆ ಒಂದೂ ಅಲುಗಲಿಲ್ಲ. ಮಲ್ಲವ್ವ ಫರಸಿಯ ಮೇಲೆ ಬೆವರುತ್ತ ಮಲಗಿದ್ದಳು. ಮೇಲೆ ಗಚ್ಚಿಯಲ್ಲಿ ಆ ವರ್ಷದ ಕೊನೆಯ ದೊಡ್ಡ ಪಾಳಿಯ ಹಪ್ಪಳ ಹರಡಿತ್ತು, ಪೂರಾ ಒಣಗಿ, ಕಾಗದದಷ್ಟು ಹಗುರಾಗಿ. ಸಂಜೆ ಡಬ್ಬಕ್ಕೆ ತುಂಬಬೇಕಾಗಿತ್ತು.

ಬಾಗಿಲು ಧಡ್ ಎಂದಿತು. ಯಾರೋ ಬಂದರು ಎಂದು ಅವಳು ಎದ್ದಳು. ಯಾರೂ ಇರಲಿಲ್ಲ. ಗ್ಯಾಲರಿಯಲ್ಲಿ ಧೂಳು ತುಂಬಿತ್ತು. ಹಗ್ಗದ ಬಟ್ಟೆಯೆಲ್ಲ ಒಂದೇ ಕಡೆಗೆ ಕೈ ಚಾಚಿತ್ತು. ಅವಳು ಮೆಟ್ಟಿಲು ಹತ್ತಿ ಓಡಿದಳು.

ಹಪ್ಪಳ ಏಳುತ್ತಿತ್ತು. ಮೊದಲು ಅಂಚಿನವು, ಆಮೇಲೆ ನಡುವಿನವು, ಆಮೇಲೆ ಚಾಪೆ ಸಮೇತ. ಕೊಕ್ಕರೆ ಹಿಂಡಿನ ಹಾಗೆ ಗೋಡೆ ದಾಟಿ ಸ್ಟೇಶನ್ ಕಡೆ ಹೋಗುತ್ತಿದ್ದವು. ಶೆಟ್ಟೆಪ್ಪ ಗಚ್ಚಿಯ ಗೋಡೆ ಹಿಡಿದು ನಿಂತಿದ್ದ. ಬೆನ್ನು ಹಪ್ಪಳದ ಕಡೆ. ಧೋತರ ಕಾಲಿಗೆ ಸುತ್ತಿಕೊಂಡಿತ್ತು. ಒಂದು ಹಪ್ಪಳ ಅವನ ಬೆನ್ನಿಗೇ ಬಡಿದು ಒಡೆಯಿತು, ಅವನಿಗೆ ಗೊತ್ತಾಗಲಿಲ್ಲ.

"ರೀ!"

ಅವನು ತಿರುಗಿದ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಬಾಗಿಲಲ್ಲಿ ಆ ಮುಖವನ್ನು ಮಲ್ಲವ್ವ ಒಮ್ಮೆ ನೋಡಿದ್ದಳು. ಆಮೇಲೆ ಅದು ಎಲ್ಲಿಗೆ ಹೋಗಿತ್ತೋ.

"ಸಾಹೇಬ ಬಂದ ನೋಡ!" ಎಂದ.

ಅವಳು ಎರಡು ಕೈಯಲ್ಲಿ ಸಿಕ್ಕಿದಷ್ಟು ಹಿಡಿದಳು. ಸಿಕ್ಕಿದ್ದು ಪುಡಿಯಾಯಿತು. ಆಗ ದಪ್ಪ ಹನಿಯೊಂದು ಬಿಸಿ ಗಚ್ಚಿಯ ಮೇಲೆ ಚಟ್ಟೆಂದು ಬಿತ್ತು. ಶೆಟ್ಟೆಪ್ಪನಿಗೆ ಅಕ್ಕುವಿನ ಮಾತು ನೆನಪಾಯಿತು. ಬಾಯಿಗೆ ಕೈ ಅಡ್ಡ ಹಿಡಿದು, ಖಾಲಿ ಗಚ್ಚಿಯ ಮೇಲೆ ನಿಂತು, ಚಾಳಿಗೆಲ್ಲ ಕೇಳುವ ಹಾಗೆ ಕೂಗಿದ.

"ಹನಿ ಬಿತ್ರೆವ್ವೋ! ಏಳ್ರೀ!"

ಮಳೆ ಅರ್ಧ ಗಂಟೆ ಹೊಡೆದು ನಿಂತಿತು. ಗ್ಯಾಲರಿಯಲ್ಲಿ ಹೆಂಗಸರು ಸೇರಿದರು. ಗಂಡಸರಲ್ಲಿ ಮೊದಲು ಬಂದವನು ಕೆಳಗಿನ ಮಾಳಿಗೆಯ ದೂಜ, ಮಂಗಳೂರಿನ ಕ್ರಿಸ್ತಾಂವ, ಹಡಗು ರಿಪೇರಿಯ ಗೋದಿಯಲ್ಲಿ ಫಿಟ್ಟರ್. ಕೈಯಲ್ಲಿ ಒಂದು ಬಶಿ, ಬಶಿಯಲ್ಲಿ ಮೂರು ಹಪ್ಪಳ.

"ನಮ್ಮ ಕಿಟಕಿಗೆ ಬಂತು ಅಕ್ಕು," ಎಂದ. "ದಾರೂಬಂದಿ ಮಾಡಿದ ಸರಕಾರ ಒಂದು ಕಡೆ, ಮನೆ ಬಾಗಿಲಿಗೆ ಹಪ್ಪಳ ಕಳಿಸುವವರು ನೀವು ಇನ್ನೊಂದು ಕಡೆ. ಗ್ಲಾಸಿಗೆ ಏನೂ ಇಲ್ಲದೆ ಬರೀ ಹಪ್ಪಳ ಇಟ್ಟುಕೊಂಡು ನಾನು ಎಂತ ಮಾಡ್ಲಿ ಹೇಳಿ?"

"ನೀನು ಸುಮ್ನಿರು ದೂಜ!"

"ಕಲ್ಯಾಣ ಲೋಕಲಿನ ತಲೆ ಮೇಲೂ ಉಂಟು. ನಾನು ನೋಡಿದ್ದೇನೆ. ಟಿಕೆಟಿಲ್ಲದೆ ಹೋಗ್ತಾ ಉಂಟು."

ಯಾರೋ ಕಿಸಕ್ಕನೆ ನಕ್ಕರು. ವಾರಿಜಾ ನಗಲಿಲ್ಲ. ಕಣ್ಣಲ್ಲಿ ನೀರಿತ್ತು.

"ಬೆನ್ನು ಮುರಿದು ಮಾಡಿದ್ದು ಮಲ್ಲಕ್ಕ. ನಿಮ್ಮ ಯಜಮಾನ್ರು ಮನುಷ್ಯರಾ, ಕಲ್ಲಾ? ಎದುರಿಂದಲೇ ಹಾರಿ ಹೋಗುವಾಗ ಎಂತ ಮಾಡ್ತಿದ್ರು?"

"ಇನ್ನು ಅವ್ರು ಮೇಲೆ ಹತ್ತುದು ಬೇಡ," ಎಂದಳು ಅಕ್ಕು. "ಬಾಗಿಲಿಗೆ ಬೀಗ ಹಾಕ್ತೇನೆ."

ಮಲ್ಲವ್ವನಿಗೆ ಭಯವಾಯಿತು. ಹಪ್ಪಳಕ್ಕಲ್ಲ. ಮಳೆಗಾಲ ಬರುವವರೆಗೂ, ಬಂದ ಮೇಲೂ, ಮುಂದಿನ ಬೇಸಿಗೆಯಲ್ಲೂ, ಅವನು ಗೋಡೆಗೆ ಒರಗಿ ಕೂತಿರುವುದು ಅವಳಿಗೆ ಕಣ್ಣಿಗೆ ಕಟ್ಟಿತು. ಕೂತು ಡಬ್ಬಿಗಳನ್ನು ನೋಡುವುದು. ಇನ್ನೂ ಒಂದು ಕಂಡಿತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಅವನ ಆ ಮುಖ ಮತ್ತೆ ಎಲ್ಲಿಗೋ ಹೋಗಿಬಿಡುವುದು. ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು.

"ಅಕ್ಕೂಬಾಯಿ, ಒಂದ ಮಾತ ಕೇಳ್ತೀನಿ. ಹನಿ ಬೀಳೂ ಮೊದಲ ಬಾಯಿ ಬಿಡಬ್ಯಾಡ್ರಿ ಅಂದವರ ಯಾರು?"

"ನಾನೇ. ಆದ್ರೆ..."

"ಆದ್ರ ಗೀದ್ರ ಇಲ್ಲ. ಹನಿ ಬಿದ್ದ ಮ್ಯಾಲ ಕೂಗಿದರೋ ಇಲ್ಲೋ?"

"ಕೂಗಿದ್ರು," ಎಂದಳು ವಾರಿಜಾ ಮೂಗು ಸೀಟುತ್ತ. "ಚೆಂಬೂರಿಗೆ ಕೇಳುವ ಹಾಗೆ ಕೂಗಿದ್ರು."

"ಮತ್ತ? ಹಿರೇರು ಹೇಳ್ಯಾರ ಅಂತ ಹಲ್ಲು ಕಚ್ಚಿ ನಿಂತಿದ್ರ ಪಾಪ. ಎದುರಿಗೆ ಹಾರಿ ಹೋಗೂದು ನೋಡಿ ಅವರ ಹೊಟ್ಟಿ ಎಷ್ಟ ಉರದಿರಬೇಕು? ಮುಂಚೆ ಕೂಗಿದ್ರ ಅದಕ್ಕೂ ಬಯ್ತಿದ್ರಿ."

ಶೆಟ್ಟೆಪ್ಪ ಬಾಗಿಲ ಹಿಂದೆ ಒದ್ದೆ ಧೋತರದಲ್ಲಿ ನಿಂತಿದ್ದ. ಸುಳ್ಳು ಹೇಳಿ ರೂಢಿ ಇಲ್ಲದ ಮನುಷ್ಯ. ಮುಂದೆ ಬಂದ.

"ಖರೇ ಹೇಳಬೇಕಂದ್ರ ಅಕ್ಕೂಬಾಯಿ, ನನಗ ಹಪ್ಪಳದ ನೆನಪ..."

"ನೀವು ಒಳಗ ನಡೀರಿ. ತಲಿ ಒರಸ್ಕೋರಿ."

ಅವನು ಒಳಗೆ ಹೋದ. ಅಕ್ಕು ಸ್ವಲ್ಪ ಹೊತ್ತು ಮಲ್ಲವ್ವನ ಮುಖವನ್ನೇ ನೋಡಿದಳು. ಎಂಬತ್ತರ ಹತ್ತಿರದ ಕಣ್ಣು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಆಯ್ತು. ಮಾತು ಕೇಳಿದ್ದಾರೆ, ಮಾತು ಹೇಳಿದ್ದು ನಾವು," ಎಂದಳು. "ಉದ್ದಿನ ಹಪ್ಪಳ ಆದ್ರೂ ಮಾಡ್ಬೇಕು, ಮಳೆಗಾಲಕ್ಕೆ ಮೊದಲು. ಅವ್ರು ಕೂತ್ಕೊಳ್ಳಲಿ. ಆದ್ರೆ ಒಟ್ಟಿಗೆ ನೀನೂ ಕೂತ್ಕೊಳ್ಬೇಕು. ಅವ್ರು ಮೇಲೆ ನೋಡ್ಲಿ, ನೀನು ಕೆಳಗೆ ನೋಡು."

ಹೀಗೆ ಮಲ್ಲವ್ವ ಗೆದ್ದಳು. ಗಂಡ ಮಧ್ಯಾಹ್ನ ಮನೆಯಲ್ಲಿ ಇರುವುದು ತಪ್ಪಿತು. ಅವಳೂ ಇರುವುದು ತಪ್ಪಿತು. ತಣ್ಣಗಿನ ಫರಸಿ ಬೀಗ ಹಾಕಿಕೊಂಡು ಕೆಳಗಿತ್ತು, ಅವಳು ಮೇಲೆ ನೀರಿನ ಟಾಕಿಯ ನೆರಳಲ್ಲಿ ಕಾಗೆಗೆ ಕೋಲು ಬೀಸುತ್ತ ಕೂತಿದ್ದಳು.

"ನಿಮ್ಮ ಸಲುವಾಗಿ ಇದೆಲ್ಲಾ," ಎಂದು ದಿನಕ್ಕೆ ಒಮ್ಮೆ ಹೇಳುತ್ತಿದ್ದಳು.

"ಹೂಂ," ಎನ್ನುತ್ತಿದ್ದ ಅವನು. "ಅಲ್ಲಿ ನೋಡ, ಫೋರ್‌ಮನ್ ನಿಂತಾನ."

"ನಿಂದರವಲ್ಲನ್ಯಾಕ. ಮೂವತ್ತ ವರ್ಷ ನೋಡಿ ಸಾಕಾಗಲಿಲ್ಲೇನು ಅಂವನ್ನ?"

ಜೂನ್ ಹತ್ತಿರ ಬಂದಾಗ ಮತ್ತೊಂದು ದಿನ ಗಾಳಿ ನಿಂತಿತು. ಈ ಸಲ ಮಲ್ಲವ್ವ ಕಾಯಲಿಲ್ಲ. ದೂರದಲ್ಲಿ ಧೂಳೆದ್ದದ್ದು ಕಂಡದ್ದೇ ಕೂಗು ಹಾಕಿ, ಹೆಂಗಸರನ್ನು ಎಬ್ಬಿಸಿ, ಹಪ್ಪಳವನ್ನೆಲ್ಲ ಬುಟ್ಟಿಗೆ ತುಂಬಿ ಕೆಳಗೆ ಕಳಿಸಿದಳು. ತಾನೂ ಇಳಿಯಲು ಹೊರಟಳು.

"ತಡಿ," ಎಂದ ಶೆಟ್ಟೆಪ್ಪ. "ಒಂದೀಟ ನಿಂದರ."

"ಸೀರಿ ತೋಯ್ತದ."

"ತೋಯ್ಲಿ."

ನಿಂತಳು. ಘಾಟಕೋಪರದ ಗುಡ್ಡ ಇತ್ತು, ಆಮೇಲೆ ಇರಲಿಲ್ಲ. ಮಳೆ ಮನೆಯಿಂದ ಮನೆಗೆ ಬರುವುದು ಕಾಣುತ್ತಿತ್ತು. ಒಂದು ಚಾಳಿನ ಹೆಂಚು ಕಪ್ಪಾಯಿತು, ಮುಂದಿನ ಚಾಳಿನದು ಇನ್ನೂ ಕೆಂಪಗೇ ಇತ್ತು, ಆಮೇಲೆ ಅದೂ ಕಪ್ಪಾಯಿತು. ರೈಲಿನ ಹಳಿ ಹೊಳೆಯಿತು. ಗಾಳಿ ಬಾಯೊಳಗೆ ಹೊಕ್ಕಿತು. ಅವನ ತೋಳಿಗೆ ಅವಳ ತೋಳು ತಗಲಿತ್ತು. ಹಗಲು ಹೊತ್ತಿನಲ್ಲಿ, ನಾಲ್ಕು ಮಂದಿಗೆ ಕಾಣುವ ಜಾಗದಲ್ಲಿ. ಅವಳು ಸರಿಯಲಿಲ್ಲ.

"ಇದಕ್ಕೇನ ಹೆಸರ ಇಟ್ಟೀರಿ?" ಎಂದು ಕೇಳಿದಳು.

"ಇದಕ್ಕ ಹೆಸರಿಲ್ಲ. ಕೆಲಸ ಮಾಡೂ ಮುಗಿಲಿಗೆ ನಾ ಹೆಸರ ಇಟ್ಟಿಲ್ಲ."

"ನೆಗಡಿ ಆದ್ರ ಕಷಾಯ ನಾನ ಕುದಸಬೇಕಲ್ಲ," ಎಂದಳು. ಆದರೆ ನಿಂತೇ ಇದ್ದಳು.

ಹೀಗೆ ಮೂರು ಬೇಸಿಗೆ ಹೋದವು. ತನ್ನ ಮಧ್ಯಾಹ್ನ ಹಾಳಾಯಿತು ಎಂದು ಮಲ್ಲವ್ವ ನಳದ ಹತ್ತಿರ ಎಲ್ಲರಿಗೂ ಹೇಳುತ್ತಿದ್ದಳು. ಹೇಳಿ, ಬೇಗ ಬೇಗ ಭಾಂಡೆ ಬೆಳಗಿ ಮೇಲೆ ಹೋಗುತ್ತಿದ್ದಳು.

ಕಾರ್ಖಾನೆಯ ಧೂಳು ಶೆಟ್ಟೆಪ್ಪನ ಎದೆಯಲ್ಲಿ ಉಳಿದಿತ್ತು. ಅವನು ನೌಕರಿ ಬಿಟ್ಟರೂ ಅದು ಬಿಡಲಿಲ್ಲ. ಮೂರನೇ ವರ್ಷ ದೀಪಾವಳಿ ಕಳೆದ ಮೇಲೆ ಮೆಟ್ಟಿಲು ಹತ್ತುವುದು ನಿಂತಿತು. ಸಂಕ್ರಾಂತಿ ಹೊತ್ತಿಗೆ ಎದ್ದು ಕೂರುವುದೂ ಕಷ್ಟವಾಯಿತು. ಮೊದಲಿನ ಹಾಗೆ ಇಡೀ ದಿನ ಖೋಲಿಯಲ್ಲೇ ಇದ್ದ. ಯಾವ ಡಬ್ಬಿ ಎಲ್ಲಿದೆ ಎಂದು ಕೇಳಲಿಲ್ಲ. ಕೇಳಲಿ ಎಂದು ಮಲ್ಲವ್ವ ಒಮ್ಮೆ ಉಪ್ಪಿನ ಡಬ್ಬಿಯನ್ನು ಬೇಕೆಂದೇ ತಪ್ಪು ಜಾಗದಲ್ಲಿ ಇಟ್ಟಳು. ಅವನು ನೋಡಲಿಲ್ಲ.

ಜೀವ ಹೋಗುವ ದಿನ ಮಧ್ಯಾಹ್ನ ಕಣ್ಣು ತೆರೆದ.

"ಹೊರಗ ಏನರೆ ಎದ್ದದೇನ?"

ಅವಳು ಗ್ಯಾಲರಿಗೆ ಹೋಗಿ ನೋಡಿ ಬಂದಳು. ಜನವರಿಯ ಮುಂಬಯಿಯಲ್ಲಿ ಏನು ಏಳುತ್ತದೆ? ತೊಳೆದಿಟ್ಟ ತಾಟಿನ ಹಾಗೆ ಇತ್ತು ಆಕಾಶ.

"ಏನೂ ಇಲ್ರಿ," ಎಂದಳು.

"ಟೆಂಪರರಿ ಸೈತ?"

"ಇಲ್ಲ."

ಚಾಳಿನ ಹೆಂಗಸರೆಲ್ಲರ ಎದುರು ಅವನಿಗಾಗಿ ಅಷ್ಟು ಚೆಂದ ಸುಳ್ಳು ಹೇಳಿದವಳಿಗೆ ಒಂದು ಸಣ್ಣ ಮೋಡ ಹೇಳಲಿಕ್ಕೆ ಆಗಲಿಲ್ಲ. ಆಮೇಲೆ ಬಹಳ ಸಲ ಹೇಳಿದಳು, ಬರೀ ಗೋಡೆಗೆ. ಪವಾಯಿ ಕಡೆ ಅದರಿ. ಅಡಿ ಕಪ್ಪಗದರಿ.

ಮೇ ತಿಂಗಳು ಬಂತು. ವಾರಿಜಾಳ ತಮ್ಮ ಹಲಸಿನಕಾಯಿ ತಂದ. ಈ ಸಲ ಹೆಂಗಸರು ಮಲ್ಲವ್ವನನ್ನು ಕೇಳಲು ಹಿಂಜರಿದರು. ಅವಳೇ ಕೋಲು ಹಿಡಿದು ಮೇಲೆ ಹೋದಳು. ಖೋಲಿ ಇಡೀ ಮಧ್ಯಾಹ್ನ ಅವಳದೇ ಆಗಿತ್ತು, ಅಗಳಿ ಹಾಕಿ ಮಲಗಬಹುದಿತ್ತು. ಮೂರು ದಿನ ಮಲಗಿ ನೋಡಿದ್ದಳು. ಫರಸಿ ಬಹಳ ತಣ್ಣಗಿತ್ತು.

ಕಾವಲು ಚೆನ್ನಾಗಿ ಆಯಿತು. ಒಂದು ಕಾಗೆಯೂ ಇಳಿಯಲಿಲ್ಲ. ಬಿರುಗಾಳಿ ಎದ್ದ ದಿನ ಧೂಳು ಕಾಣುವುದಕ್ಕೂ ಮೊದಲೇ ಕೂಗಿದಳು. ಹನಿ ಬೀಳುವ ಹೊತ್ತಿಗೆ ಚಾಪೆ, ಬುಟ್ಟಿ, ಹೆಂಗಸರು ಎಲ್ಲ ಒಳಗೆ. ಗಚ್ಚಿಯ ಬಾಗಿಲು ಅವಳೇ ಎಳೆದು ಹಾಕಿದಳು.

"ಒಂದು ಹಪ್ಪಳ ಹಾಳಾಗ್ಲಿಲ್ಲ ನೋಡಿ ಈ ವರ್ಷ," ಎಂದು ವಾರಿಜಾ ಎಲ್ಲರಿಗೂ ಹೇಳಿದಳು.

ಗ್ಯಾಲರಿಯಲ್ಲಿ ಅಕ್ಕು ಕಿವಿಗೆ ಕೈ ಹಿಡಿದು ಕೂತಿದ್ದಳು. ಈಗ ಅವಳಿಗೆ ಕಣ್ಣು ಪೂರಾ ಕಾಣುತ್ತಿರಲಿಲ್ಲ. "ಜೋರು ಉಂಟಾ ಮಲ್ಲವ್ವ, ಮಳೆ? ಎಲ್ಲಿಂದ ಬಂತು ಈ ಸಲ?"

"ನಾ ನೋಡ್ಲಿಲ್ಲ ಅಕ್ಕೂಬಾಯಿ," ಎಂದಳು ಮಲ್ಲವ್ವ. "ನಾ ಕೆಳಗ ನೋಡ್ತಿದ್ದೆ."